ಅವರೆಕಾಳಿನ ಓಟು

ನಮ್ಮ ಪಕ್ಕದ ಮನೆಯ ಅಂಕಲ್ ಸ್ಕಾಟ್ಲೆಂಡಿಗೆ ಸ್ವಾತಂತ್ರ್ಯ ಕೊಡಿಸುವ ಕೆಲಸವನ್ನು ಡೌನರ್ಸ್ ಗ್ರೋವ್‌ನ ತಮ್ಮ ಗರಾಜಿನಿಂದ ಮಾಡುತ್ತಿದ್ದರು. ಹಿಮ ತಳ್ಳುವ ಯಂತ್ರಕ್ಕೂ ಹುಲ್ಲು ಕತ್ತರಿಸುವ ಯಂತ್ರಕ್ಕೂ ನಡುವೆ ಒಂದು ಮಡಚುವ ಮೇಜು, ನೀಲಿ ಬಟ್ಟೆಯ ಮೇಲೆ ದೊಡ್ಡ ಬಿಳಿ ಗುಣಾಕಾರದ ಗುರುತಿರುವ ಬಾವುಟ, ಕರಪತ್ರದ ಪೆಟ್ಟಿಗೆಗಳು. ಚಳವಳಿ ಎಂದರೆ ಇಷ್ಟೇ. ಸದಸ್ಯರು ಒಬ್ಬರು. ನಾನು ಸೇರಿದ ಮೇಲೆ ಒಂದೂವರೆ, ಏಕೆಂದರೆ ವಾರದ ದಿನಗಳಲ್ಲಿ ನಾನು ಸಿಗುತ್ತಿರಲಿಲ್ಲ.

ನಾನು ಸೇರಿದ್ದು ತತ್ತ್ವಕ್ಕಾಗಿ ಅಲ್ಲ. ಮಂಡಿ ಆಪರೇಷನ್ ಆದಮೇಲೆ ಅವರ ಮಗಳು ಕಾರಿನ ಕೀ ಕಿತ್ತಿಟ್ಟುಕೊಂಡಿದ್ದಳು. ಒಂದು ಭಾನುವಾರ ಅವರು ಬೇಲಿಯ ಆಚೆ ನಿಂತು, "ನಿನ್ನ ವ್ಯಾನು ದೊಡ್ಡದಿದೆ ಅಲ್ವೇನೋ?" ಎಂದು ಕೇಳಿದರು. ಹೌದು ಎಂದೆ. ಅಲ್ಲಿಗೆ ಸೇರಿದ್ದಾಯಿತು. ಅವರ ಮಾತನ್ನೆಲ್ಲ ನಾನು ನಮ್ಮ ಮನೆಯ ಕನ್ನಡದಲ್ಲೇ ಹೇಳುತ್ತಿದ್ದೇನೆ. ಗ್ಲಾಸ್ಗೋ ಕಡೆಯ ಅವರ ಇಂಗ್ಲಿಷಿನಲ್ಲಿ ಅರ್ಧ ನನಗೆ ಇವತ್ತಿಗೂ ತಿಳಿಯುವುದಿಲ್ಲ, ಉಳಿದರ್ಧವನ್ನು ಹೀಗೆಯೇ ತಿಳಿದುಕೊಂಡಿದ್ದೇನೆ. ಎಂಬತ್ತರ ಹತ್ತಿರದ ಮನುಷ್ಯನನ್ನು ಹೆಸರು ಹಿಡಿದು ಕರೆಯಲು ನನಗೆ ಬಾಯಿ ಬರಲಿಲ್ಲ, ಅಂಕಲ್ ಎಂದೆ. ಮೊದಮೊದಲು ಅವರು ಯಾರನ್ನು ಕರೆದೆ ಎಂದು ಹಿಂದೆ ತಿರುಗಿ ನೋಡುತ್ತಿದ್ದರು.

ಸ್ವತಂತ್ರ ದೇಶವಾಗಬೇಕೇ ಎಂದು ಸ್ಕಾಟ್ಲೆಂಡಿನಲ್ಲಿ ಜನಮತಗಣನೆ ನಡೆದ ವರ್ಷ ಅಂಕಲ್‌ಗೆ ಓಟು ಇರಲಿಲ್ಲ. ಅಲ್ಲಿ ವಾಸವಿರುವವರಿಗಷ್ಟೇ ಓಟು. ಅವರು ಹತ್ತೊಂಬತ್ತನೇ ವಯಸ್ಸಿಗೇ ಊರು ಬಿಟ್ಟು ಡೆಟ್ರಾಯಿಟಿನ ಕಾರ್ಖಾನೆಗೆ ಬಂದವರು, ಆಮೇಲೆ ಎಲ್ಕ್ ಗ್ರೋವ್ ವಿಲೇಜ್‌ನಲ್ಲಿ ಅಚ್ಚು ಕೊರೆಯುವ ಕೆಲಸ ಮಾಡಿ ನಿವೃತ್ತರಾದವರು. ನನ್ನ ಕಥೆಯೂ ಅಷ್ಟೆ. ನಾನು ಇಲ್ಲಿ ಗ್ರೀನ್ ಕಾರ್ಡಿನ ಸಾಲಿನಲ್ಲಿ ನಿಂತವನು, ಇಲ್ಲಿ ಓಟಿಲ್ಲ. ಮೈಸೂರಿನಲ್ಲಿ ಇದೆಯಂತೆ, ಹೋಗಿ ಹಾಕಬೇಕು. ಹೀಗೆ ಓಟಿಲ್ಲದ ಇಬ್ಬರು ಗಂಡಸರು ಶನಿವಾರ ಶನಿವಾರ ಇನ್ನೊಬ್ಬರ ಓಟಿಗಾಗಿ ಕರಪತ್ರ ಮಡಚುತ್ತಿದ್ದೆವು. ನನ್ನ ಮಗಳು ಇದನ್ನು ನೋಡಿ, "ಡ್ಯಾಡ್, ದಿಸ್ ಈಸ್ ನಾಟ್ ಈವನ್ ಅವರ್ ಕಂಟ್ರಿ," ಎಂದಳು. ನಾವು ಬಿಟ್ಟು ಬಂದಿದ್ದೂ ಅಲ್ಲ, ಬಂದು ಸೇರಿದ್ದೂ ಅಲ್ಲ, ಅದು ನಿಜ.

ಅಂಕಲ್‌ಗೆ ಇಡೀ ದೇಶ ಬೇಕಿತ್ತು ಎಂದು ನಾನು ಬಹಳ ದಿನ ತಿಳಿದಿದ್ದೆ. ಅವರಿಗೆ ಬೇಕಿದ್ದದ್ದು ಒಂದೇ ಒಂದು ಓಟು, ಅವರ ಅಕ್ಕನದು. ಅಕ್ಕ ಅಲ್ಲೇ, ಹುಟ್ಟಿದ ಊರಲ್ಲೇ ಉಳಿದಾಕೆ. ಜನಮತದ ದಿನ ಆಕೆ 'ಇಲ್ಲ' ಎಂದು ಓಟು ಹಾಕಿದಳು, ಹಾಕಿದ್ದನ್ನು ಫೋನಿನಲ್ಲಿ ಹೇಳಿಯೂ ಹೇಳಿದಳು. ಅವತ್ತಿಗೆ ಮಾತು ನಿಂತಿತು. ಆಮೇಲೆ ಕ್ರಿಸ್‌ಮಸ್‌ಗೆ ಅಂಕಲ್ ಕಡೆಯಿಂದ ಒಂದು ಕಾರ್ಡು, ಅದರಲ್ಲಿ ಸಹಿ ಮಾತ್ರ. "ಇನ್ನೊಂದು ಸಲ ಜನಮತ ಆದ್ರೆ ಅವಳು ಹೌದು ಅನ್ನಬೇಕು," ಎನ್ನುತ್ತಿದ್ದರು ಅಂಕಲ್. "ಆಗ ಮಾತಾಡ್ತೀನಿ."

"ಅಷ್ಟರೊಳಗೆ ಯಾರಾದ್ರೂ ಹೋಗ್ಬಿಟ್ರೆ?" ಎಂದು ಕೇಳಿದೆ. ಅವರು ಕರಪತ್ರ ಮಡಚುತ್ತಲೇ ಇದ್ದರು.

ಆ ಬೇಸಿಗೆಯಲ್ಲಿ ಸುದ್ದಿ ಬಂತು. ಡೆಟ್ರಾಯಿಟ್ ಪಕ್ಕದ ಒಂದು ಸಬರ್ಬಿನಲ್ಲಿರುವ ಮೊಮ್ಮಗಳ ಮನೆಗೆ ಅಕ್ಕ ಬಂದಿದ್ದಾರೆ, ಅಲ್ಲಿ ಬೇಸಿಗೆ ಕೊನೆಗೆ ನಡೆಯುವ ಸ್ಕಾಟಿಷ್ ಕ್ರೀಡಾ ಜಾತ್ರೆಗೂ ಬರುತ್ತಾರೆ ಎಂದು. ಅಂಕಲ್ ತಕ್ಷಣ ಅಲ್ಲಿ ಮಳಿಗೆಗೆ ಅಪ್ಲೈ ಮಾಡಿದರು. ಐದು ಗಂಟೆ ಡ್ರೈವ್. ಮಂಡಿ ಅವರದು, ವ್ಯಾನು ನನ್ನದು.

ಹೊರಡುವ ಮೊದಲು ನನಗೆ ತರಬೇತಿ ಆಯಿತು. ಮೇಜಿನ ಮೇಲೆ ಮೂರು ಗಾಜಿನ ಜಾಡಿ: ಹೌದು, ಇಲ್ಲ, ಗೊತ್ತಿಲ್ಲ. ಬಂದವರ ಕೈಗೆ ಒಂದು ಕಾಳು ಕೊಡಬೇಕು, ಅವರು ಯಾವುದಾದರೂ ಜಾಡಿಗೆ ಹಾಕಬೇಕು. ಮೊದಲು ಅಂಗಿಯ ಗುಂಡಿಗಳನ್ನು ಕೊಡುತ್ತಿದ್ದರಂತೆ, ಮಕ್ಕಳು ಬಾಯಿಗೆ ಹಾಕಿಕೊಂಡವು ಎಂದು ನಿಲ್ಲಿಸಿದ್ದರು. ನನ್ನ ಹೆಂಡತಿ ಇಂಡಿಯನ್ ಸ್ಟೋರಿನ ಒಣ ಅವರೆಕಾಳಿನ ಪ್ಯಾಕೆಟ್ ತಂದು ಸಮಸ್ಯೆ ಪರಿಹರಿಸಿದಳು. ಕಾಳು ಯಾವ ಜಾಡಿಗೇ ಬೀಳಲಿ, ನಾವು ಹೇಳಬೇಕಾದದ್ದು ಒಂದೇ: "ಥ್ಯಾಂಕ್ಸ್. ಯಾಕೆ ಅಂತ ಕೇಳಬಹುದಾ?" ಆಮೇಲೆ ಬಾಯಿ ಮುಚ್ಚಿಕೊಂಡಿರಬೇಕು. "ಮೊದಲು ಕೇಳು, ಆಮೇಲೆ ಸುಮ್ಮನಿರು. ವಾದ ಮಾಡಿದ್ಯೋ, ಓಟು ಹೋಯ್ತು," ಎಂದು ಅಂಕಲ್ ಗರಾಜಿನಲ್ಲಿ ನನ್ನಿಂದ ಎರಡು ಸಲ ಒಪ್ಪಿಸಿಕೊಂಡರು.

ನನ್ನ ಹೆಂಡತಿಯೂ ಹೊರಟಳು. ಗೌರಿ ಹಬ್ಬ ಆ ವಾರವೇ ಇತ್ತು. "ಅಲ್ಲಾ ರೀ, ಇಷ್ಟು ವರ್ಷ ಆದ್ಮೇಲೆ ಅಕ್ಕನ್ನ ನೋಡೋಕೆ ಹೋಗ್ತಿದಾರೆ. ಹಬ್ಬದ ವಾರ ಬೇರೆ. ಬರಿಗೈಲಿ ಹೋಗ್ತಾರಾ?" ಎಂದು ಮೈಸೂರಿನಿಂದ ತಂದು ಕ್ಲೋಸೆಟ್ಟಿನಲ್ಲಿಟ್ಟಿದ್ದ ಮೊರ ತೆಗೆದಳು. ಅಕ್ಕಿ, ತೊಗರಿಬೇಳೆ, ಬೆಲ್ಲದಚ್ಚು, ತೆಂಗಿನಕಾಯಿ, ಅರಿಶಿನ ಕುಂಕುಮ, ಹಸಿರು ಗಾಜಿನ ಬಳೆ, ರವಿಕೆ ಕಣ. ತವರಿನಿಂದ ಹೆಣ್ಣುಮಗಳಿಗೆ ಹೋಗುವ ಬಾಗಿನದಲ್ಲಿ ಏನೇನು ಇರಬೇಕೋ ಅಷ್ಟೂ. ಅಂಕಲ್‌ಗೆ ವಿವರಿಸಿದಾಗ ಅವರು, "ನನಗೆ ಇದು ಹೊಳೀಲೇ ಇಲ್ಲ," ಎಂದರು. ಸ್ಕಾಟ್ಲೆಂಡಿನವರಿಗೆ ಗೌರಿ ಹಬ್ಬ ಹೊಳೆಯದೆ ಇದ್ದದ್ದಕ್ಕೆ ನಾವು ಬೇಜಾರು ಮಾಡಿಕೊಳ್ಳಲಿಲ್ಲ.

ಜಾತ್ರೆಯ ದಿನ ತೊಂಬತ್ತೊಂದು ಡಿಗ್ರಿ ಫ್ಯಾರನ್‌ಹೀಟ್ ಸೆಕೆ. ಒಂದು ಕಡೆ ದಪ್ಪ ಗಂಡಸರು ಮರದ ಕಂಬ ಎತ್ತಿ ಎಸೆಯುತ್ತಿದ್ದರು, ಇನ್ನೊಂದು ಕಡೆ, ಅಂದರೆ ನಮ್ಮ ಮಳಿಗೆಗೆ ಒತ್ತಿಕೊಂಡಂತೆ, ಬ್ಯಾಗ್‌ಪೈಪ್ ಎಂಬ ಚೀಲದ ವಾದ್ಯದವರು ಅಭ್ಯಾಸ ಮಾಡುತ್ತಿದ್ದರು. ಬಂದವರಲ್ಲಿ ಹೆಚ್ಚಿನವರಿಗೆ ಮುತ್ತಜ್ಜ ಸ್ಕಾಟ್ಲೆಂಡಿನವರು. ಎಷ್ಟೋ ಜನ, "ಅಯ್ಯೋ, ಇನ್ನೂ ಸಿಕ್ಕಿಲ್ವಾ ಸ್ವಾತಂತ್ರ್ಯ?" ಎಂದು ಕೇಳಿ ಹೌದು ಜಾಡಿಗೆ ಕಾಳು ಹಾಕಿದರು. ಅಲ್ಲಿ ನೆಂಟರು ಯಾರಾದರೂ ಇದ್ದರೆ ಅವರಿಗೆ ಒಂದು ಪೋಸ್ಟ್‌ಕಾರ್ಡ್ ಬರೆಯಿರಿ ಎಂದು ನಾನು ಕೇಳಬೇಕಿತ್ತು. ನೆಂಟರ ಊರು ಯಾರಿಗೂ ನೆನಪಿರಲಿಲ್ಲ. ಒಬ್ಬಾತ ನನ್ನನ್ನು ಮೇಲಿಂದ ಕೆಳಗೆ ನೋಡಿ, "ನೀವು ಸ್ಕಾಟ್ಲೆಂಡಿನ ಯಾವ ಕಡೆಯವರು?" ಎಂದು ಕೇಳಿದ. ದಕ್ಷಿಣದ ಕಡೆ ಎಂದೆ.

ಅಂಕಲ್ ಬೆಳಿಗ್ಗೆಯಿಂದ ಗೇಟಿನ ಕಡೆಯೇ ನೋಡುತ್ತಿದ್ದರು. ಶರ್ಟಿನ ಮೇಲಿನ ಗುಂಡಿ ಹಾಕಿದರು, ತೆಗೆದರು, ಮತ್ತೆ ಹಾಕಿದರು. ಅವರಿಗೆ ಹೆದರಿಕೆಯಾಗಿತ್ತು, ಅದನ್ನು ನೋಡಿ ನನಗೂ ಆಯಿತು.

ಊಟದ ಹೊತ್ತಿಗೆ ಅಕ್ಕ ಬಂದರು. ಸಣ್ಣ ಆಳು, ಸೊಂಟ ನೋವಿನ ನಡಿಗೆ, ಕೈಯಲ್ಲಿ ಊರುಗೋಲು, ಪಕ್ಕದಲ್ಲಿ ಮೊಮ್ಮಗಳು. ಮೊಮ್ಮಗಳು ನಮ್ಮನ್ನೆಲ್ಲ ಒಮ್ಮೆ ನೋಡಿ, ನಿಂಬೆಹಣ್ಣಿನ ಪಾನಕ ತರುತ್ತೇನೆ ಎಂದು ಹೋದವಳು ಬೇಗ ಬರಲಿಲ್ಲ. ಬುದ್ಧಿವಂತೆ. ಅಂಕಲ್ ಮೇಜು ಹಿಡಿದು ಎದ್ದು ನಿಂತರು. ಅಕ್ಕ ಬಾವುಟ ನೋಡಿದರು, ಜಾಡಿ ನೋಡಿದರು, ತಮ್ಮನ ಎದೆಯ ಮೇಲಿದ್ದ 'ಹೌದು' ಬಿಲ್ಲೆ ನೋಡಿದರು. ಮುಖ ಕೊನೆಗೆ ನೋಡಿದರು.

"ದಪ್ಪ ಆಗಿದೀಯ," ಎಂದರು.

ಅಂಕಲ್ ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ನನ್ನ ಹೆಂಡತಿ, "ಆಂಟಿ, ಇದು ನಿಮ್ಮ ತಮ್ಮ ತಂದಿರೋದು, ನಿಮಗೆ," ಎಂದು ಬಾಗಿನವನ್ನು ಚೀಲದ ಸಮೇತ ಮುಂದೆ ಹಿಡಿದಳು.

ಆಗ ನನ್ನ ಕಣ್ಣಿಗೆ ಚೀಲ ಬಿತ್ತು. ವ್ಯಾನಿನಲ್ಲಿ ಬೇರೆ ಚೀಲ ಇರಲಿಲ್ಲವೆಂದು ನಾನೇ ಕೊಟ್ಟ ಪ್ರಚಾರದ ಚೀಲ. ಅದರ ಮೇಲೆ ಮೊಳದಗಲ ಅಕ್ಷರದಲ್ಲಿ 'ಹೌದು ಎಂದು ಓಟು ಹಾಕಿ' ಎಂದಿತ್ತು. ಒಳಗೆ ಅಕ್ಕಿ, ಬೇಳೆ, ಬಟ್ಟೆ. ಚುನಾವಣೆ ಬಂತೆಂದರೆ ಮನೆಮನೆಗೆ ಸೀರೆ, ಕುಕ್ಕರ್ ಹಂಚುವುದನ್ನು ನೋಡಿಕೊಂಡು ಬೆಳೆದವನು ನಾನು. ನನಗೆ ಗೊತ್ತಾಗಬೇಕಿತ್ತು.

ಅಕ್ಕ ಚೀಲದೊಳಗೆ ಕೈ ಹಾಕಿ ತೆಂಗಿನಕಾಯಿ ಹೊರಗೆ ತೆಗೆದರು. "ನನ್ನ ಓಟು ಕೊಂಡ್ಕೊಳ್ಳೋಕೆ ಬಂದ್ಯಾ?" ಎಂದು ತಮ್ಮನನ್ನು ಕೇಳಿದರು. "ಒಂದು ಕಾಯಿಗೆ?"

"ಛೇ ಛೇ, ಇಲ್ಲ ಆಂಟಿ," ಎಂದು ನನ್ನ ಹೆಂಡತಿ ಅಡ್ಡ ಬಂದಳು. ಹೆಣ್ಣುಮಕ್ಕಳಿಗೆ ಈ ಹಬ್ಬಕ್ಕೆ ತವರುಮನೆಯಿಂದ ಇದನ್ನು ಕೊಡುತ್ತಾರೆ, ಇದಕ್ಕೆ ಪ್ರತಿಯಾಗಿ ಏನೂ ಕೇಳುವ ಹಾಗಿಲ್ಲ, ಅಪ್ಪ ಅಮ್ಮ ಇಲ್ಲದಿದ್ದರೂ ತಮ್ಮ ಇದ್ದಾನೆ ಎಂದು ಹೇಳುವುದಕ್ಕಷ್ಟೇ ಇದು ಎಂದು ಗಾಬರಿಯಲ್ಲಿ ಒಂದೇ ಉಸಿರಿಗೆ ಹೇಳಿದಳು. ತವರು ಎನ್ನುವುದಕ್ಕೆ ಇಂಗ್ಲಿಷಿನಲ್ಲಿ ಏನೂ ಸಿಗದೆ ಹುಟ್ಟಿದ ಮನೆ ಎಂದಳು.

ಅಕ್ಕ ಪೂರ್ತಿ ಕೇಳಿಸಿಕೊಂಡರು. "ಚೆನ್ನಾಗಿದೆ ನಿಮ್ಮ ಪದ್ಧತಿ," ಎಂದರು. "ಆದ್ರೆ ಉಲ್ಟಾ ಆಯ್ತಮ್ಮ. ಬಿಟ್ಟು ಹೋದವನು ಅವನು. ಹುಟ್ಟಿದ ಮನೆಯಲ್ಲಿ ಉಳಿದವಳು ನಾನು. ಕೊಡೋದಾದ್ರೆ ನಾನು ಅವನಿಗೆ ಕೊಡಬೇಕು." ಹಾಗೆಂದು ಮೇಜಿನ ಮೇಲಿದ್ದ ಬಟ್ಟಲಿನಿಂದ ಒಂದು ಅವರೆಕಾಳು ತೆಗೆದುಕೊಂಡು, ತಮ್ಮನ ಮುಖ ನೋಡುತ್ತಲೇ, 'ಇಲ್ಲ' ಜಾಡಿಗೆ ಹಾಕಿದರು.

ಚೀಲದ ವಾದ್ಯದವರು ಸರಿಯಾಗಿ ಆ ಗಳಿಗೆಗೇ ನಿಲ್ಲಿಸಿದ್ದರು. ಕಾಳು ಬಿದ್ದ ಸದ್ದು ನಮಗೆಲ್ಲ ಕೇಳಿಸಿತು.

ಅಂಕಲ್ ಜಾಡಿಯನ್ನು ನೋಡಿದರು. ಕುತ್ತಿಗೆ ಕೆಂಪಾಗಿತ್ತು. ಇನ್ನು ಶುರುವಾಯಿತು ಎಂದುಕೊಂಡೆ. ಅವರು ಬೆಳಿಗ್ಗೆಯಿಂದ ಎಲ್ಲರಿಗೂ ಹೇಳಿದ ಮಾತನ್ನೇ, ಅದೇ ಧಾಟಿಯಲ್ಲಿ ಹೇಳಿದರು: "ಥ್ಯಾಂಕ್ಸ್. ಯಾಕೆ ಅಂತ ಕೇಳಬಹುದಾ?"

"ಈಗ ಕೇಳ್ತಿದೀಯ," ಎಂದರು ಅಕ್ಕ.

ಆಮೇಲೆ ಹೇಳಿದರು. ಆ ವರ್ಷ ಗಂಡ ಹಾಸಿಗೆ ಹಿಡಿದಿದ್ದರು. ಪಿಂಚಣಿ ಏನಾಗುತ್ತದೋ, ಔಷಧಿಗೆ ಏನು ಗತಿಯೋ ಎಂದು ನಿದ್ದೆ ಬರುತ್ತಿರಲಿಲ್ಲ. ಯಾವುದೂ ಬದಲಾಗದೆ ಇದ್ದರೆ ಸಾಕಾಗಿತ್ತು. "ನೀನು ದಿನಾ ಫೋನ್ ಮಾಡ್ತಿದ್ದೆ. ದಿನಾ ಸ್ಕಾಟ್ಲೆಂಡಿನ ಸಮುದ್ರದಲ್ಲಿ ಸಿಗೋ ಎಣ್ಣೆ ಯಾರದು ಅಂತ ಕಿರುಚ್ತಿದ್ದೆ. ಅವರು ಹೇಗಿದಾರೆ ಅಂತ ಒಂದು ದಿನ ಕೇಳ್ಲಿಲ್ಲ. ಆ ಚಳಿಗಾಲದಲ್ಲೇ ಹೋದರು. ನೀನು ಕಾರ್ಡ್ ಕಳಿಸ್ದೆ."

ಅಂಕಲ್ ವಾದ ಮಾಡಲಿಲ್ಲ. "ತಪ್ಪಾಯ್ತು," ಎಂದರು.

ನನ್ನ ಹೆಂಡತಿ ನನ್ನ ಕಡೆ ನೋಡಿದಳು. ಗಂಡ ಹೋದವರಿಗೆ ಬಾಗಿನ ಕೊಡುವ ಪದ್ಧತಿ ನಮ್ಮ ಮನೆಗಳಲ್ಲಿ ಇಲ್ಲ. ಆಕೆಯ ಗಂಡ ಇದ್ದಾರೋ ಇಲ್ಲವೋ ಎಂದು ನಾವೂ ಕೇಳಿರಲಿಲ್ಲ. ಅಷ್ಟರಲ್ಲಿ ಅಕ್ಕ ಚೀಲದಿಂದ ಹಸಿರು ಬಳೆ ತೆಗೆದು ತಾವೇ ತೊಟ್ಟುಕೊಳ್ಳಲು ನೋಡುತ್ತಿದ್ದರು. ಗೆಣ್ಣಿನ ಹತ್ತಿರ ಸಿಕ್ಕಿಕೊಂಡಿತ್ತು. ನನ್ನ ಹೆಂಡತಿ ಹತ್ತಿರ ಹೋಗಿ, ಅವರ ಕೈ ಹಿಡಿದು, ಹೆಬ್ಬೆರಳನ್ನು ಒಳಗೆ ಮಡಚಿ, ಒಂದೊಂದಾಗಿ ಎಲ್ಲ ಬಳೆ ತೊಡಿಸಿದಳು. "ಚೆನ್ನಾಗಿ ಕಾಣತ್ತೆ, ಆಂಟಿ," ಎಂದಳು.

ಅಕ್ಕ ಕೈ ಅಲ್ಲಾಡಿಸಿ ಬಳೆಯ ಸದ್ದು ಕೇಳಿದರು. ತಮ್ಮನ ಕಡೆ ತಿರುಗಿದರು. "ಕೂತ್ಕೋ. ಆ ಮಂಡಿ ಇಟ್ಕೊಂಡು ಯಾಕೆ ನಿಂತಿದೀಯ?" ಅವರು ಕೂತರು. ಅಕ್ಕ ಅವರ ಕೈಯಿಂದ ಕರಪತ್ರದ ಕಟ್ಟು ಕಿತ್ತುಕೊಂಡು ಮಳಿಗೆಯ ಮುಂದೆ ಹೋಗಿ ನಿಂತರು.

"ನಾನಿದನ್ನ ಒಪ್ಪಲ್ಲ," ಎಂದು ಮೊದಲು ಸಿಕ್ಕಿದವರಿಗೆ ಹೇಳಿದರು. "ಆದ್ರೂ ತಗೊಳ್ಳಿ. ನನ್ನ ತಮ್ಮ ಮಾಡಿದ್ದು. ಐದು ಗಂಟೆ ಕಾರಲ್ಲಿ ಕೂತು ಬಂದಿದಾನೆ." ಊರುಗೋಲು ಹಿಡಿದ, ಕೈತುಂಬ ಹಸಿರು ಬಳೆಯ ಮುದುಕಿಗೆ ಬೇಡ ಎನ್ನುವ ಧೈರ್ಯ ಯಾರಿಗೂ ಬರಲಿಲ್ಲ. ನಾನೂ ಅಂಕಲ್ಲೂ ಬೆಳಿಗ್ಗೆಯಿಂದ ಹಂಚಿದ್ದಕ್ಕಿಂತ ಹೆಚ್ಚು ಕರಪತ್ರ ಆಕೆಯ ಕೈಯಿಂದ ಹೋಯಿತು. ಪೆಟ್ಟಿಗೆ ಖಾಲಿಯಾದದ್ದು ಆ ಚಳವಳಿಯಲ್ಲಿ ಅದೇ ಮೊದಲಂತೆ.

ವಾಪಸು ಬರುವಾಗ ಅಂಕಲ್ 'ಇಲ್ಲ' ಜಾಡಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದರು. ಅಕ್ಕನ ಕಾಳು ಅದರಲ್ಲೇ ಇತ್ತು. ಕಲಮಜೂ ಊರು ದಾಟುವಾಗ ಇನ್ನೂ ಬಿಸಿಲಿತ್ತು. ಅವರ ಫೋನ್ ಹೊಡೆದುಕೊಂಡಿತು. ಹೆಸರು ನೋಡಿ, ಕನ್ನಡಕ ಸರಿಮಾಡಿಕೊಂಡು, ಒಮ್ಮೆ ಕೆಮ್ಮಿದರು.

"ಹೇಳು, ಅಕ್ಕ. ಸೊಂಟ ನೋವು ಹೇಗಿದೆ?" ಎಂದು ಕೇಳಿದರು.

ಆಮೇಲೆ ಸುಮ್ಮನಾದರು. ಇಂಡಿಯಾನಾ ರಾಜ್ಯ ಬಂತು, ಅಲ್ಲಿಯ ವೇಳೆಗೆ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಯಿತು. ಅವರು ಫೋನನ್ನು ಕಿವಿಗೆ ಒತ್ತಿಕೊಂಡು ಹೂಂ, ಹೂಂ ಎನ್ನುತ್ತಲೇ ಇದ್ದರು.