ಐದು ಎಲ್ಲಿ ಹೋಯಿತು?

ಕುಣಿಗಲ್‌ನ ಒಂದು ಕಾಲೇಜಿನಲ್ಲಿ ಪಿಯುಸಿ ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಪಾಠದ ಮಧ್ಯೆ ಯಾರಾದರೂ ಅಡ್ಡ ಬಂದರೆ ನನಗೆ ಮೂಗಿನ ತುದಿಯಲ್ಲೇ ಕೋಪ. ಆ ಶುಕ್ರವಾರ ಲಾಗ್ ಫಂಕ್ಷನ್‌ಗಳ ಡಿರೈವೇಟಿವ್ ನಡೆಯುತ್ತಿತ್ತು. ಲಾಗ್ ಎಕ್ಸ್‌ನದು ಒನ್ ಬೈ ಎಕ್ಸ್ ಎಂದು ಬರೆದೆ. ಲಾಗ್ ಫೈವ್ ಎಕ್ಸ್‌ಗೆ ಚೈನ್ ರೂಲ್ ಹಾಕಿದೆ. ಮೇಲಿನ ಐದು, ಕೆಳಗಿನ ಐದು ಹೊಡೆದುಹೋಗಿ ಅದೂ ಒನ್ ಬೈ ಎಕ್ಸ್ ಆಯಿತು.

ಎರಡನೇ ಬೆಂಚಿನ ಹುಡುಗಿ ಎದ್ದು ನಿಂತಳು. ದಿನಕ್ಕೆ ನಾಲ್ಕು ಪ್ರಶ್ನೆ ಕೇಳದೆ ಬಿಡುವವಳಲ್ಲ.

"ಮಿಸ್, ಎರಡೂ ಬೇರೆ ಬೇರೆ ಅಲ್ವಾ? ಉತ್ತರ ಹೆಂಗೆ ಒಂದೇ ಬರುತ್ತೆ? ಐದು ಎಲ್ಲೋಯ್ತು?"

"ಕ್ಯಾನ್ಸಲ್ ಆಯ್ತು ಕಣಮ್ಮ, ಕಾಣಲ್ವಾ? ಎಕ್ಸಾಮಲ್ಲಿ ಇದನ್ನೆಲ್ಲಾ ಕೇಳಲ್ಲ, ಕೂತ್ಕೋ!"

ಕ್ಲಾಸು ಗೊಳ್ಳೆಂದು ನಕ್ಕಿತು. ನಿಜ ಹೇಳಬೇಕೆಂದರೆ ಐದು ಎಲ್ಲಿ ಹೋಯಿತೆಂದು ನನಗೂ ಗೊತ್ತಿರಲಿಲ್ಲ. ಇಷ್ಟು ವರ್ಷ ಸುಮ್ಮನೆ ಹೊಡೆದುಹಾಕುತ್ತಾ ಬಂದಿದ್ದೆ.

ಶನಿವಾರ ಅವಳು ಬಾಯಿ ಬಿಡಲಿಲ್ಲ. ಬೇಕೆಂದೇ ಬೋರ್ಡಿನ ಮೇಲೆ ಒಂದು ತಪ್ಪು ಬರೆದೆ. ನೋಡಿದಳು, ತಲೆ ತಗ್ಗಿಸಿ ತಪ್ಪನ್ನೇ ಬರೆದುಕೊಂಡಳು. ಮನೆಗೆಂದು ತುಮಕೂರಿನ ಬಸ್ಸು ಹತ್ತಿದರೂ ಅದೇ ಸಂಕಟ. ಇನ್ನು ಮೇಲೆ ಅವಳು ಯಾರನ್ನೂ ಏನೂ ಕೇಳದೆ ಹೋದರೆ ಆ ಪಾಪ ನನ್ನದೇ.

ಭಾನುವಾರ ಮಗಳನ್ನು ಕರೆದುಕೊಂಡು ಗುಬ್ಬಿಯ ತವರಿಗೆ ಹೋದೆ. ಹೋದಾಗಲೆಲ್ಲ ಅಮ್ಮ ಅವಳ ಎತ್ತರಕ್ಕೆ ಅಡುಗೆಮನೆ ಬಾಗಿಲಿನ ಮೇಲೆ ಗೀಟು ಹಾಕುತ್ತಾಳೆ. ಕಳ್ಳಿ ಅವತ್ತು ಊಟದ ಮಣೆ ಎಳೆದು ಅದರ ಮೇಲೆ ನಿಂತಿದ್ದಳು.

"ಇಳಿಯೇ ಕೆಳಕ್ಕೆ! ಮಣೆ ಹತ್ತಿಬುಟ್ರೆ ಬೆಳೆದಂಗಾಯ್ತೇನೇ?" ಎಂದಳು ಅಮ್ಮ.

ನಾನು ಸೌಟು ಹಿಡಿದವಳು ಹಾಗೇ ನಿಂತುಬಿಟ್ಟೆ. ಲಾಗ್ ಫೈವ್ ಎಕ್ಸ್ ಎಂದರೆ ಲಾಗ್ ಫೈವ್ ಪ್ಲಸ್ ಲಾಗ್ ಎಕ್ಸ್. ಈ ನಿಯಮವನ್ನೂ ನಾನೇ ಪಾಠ ಮಾಡಿದ್ದೆ, ಇದನ್ನೂ ಡಿರೈವೇಟಿವನ್ನೂ ಜೋಡಿಸಿ ನೋಡಿರಲಿಲ್ಲ ಅಷ್ಟೆ. ಲಾಗ್ ಎಕ್ಸ್ ಬೆಳೆಯುವ ಮಗು, ಲಾಗ್ ಫೈವ್ ಬರೀ ಮಣೆ. ಎತ್ತರ ಕೊಡುತ್ತದೆ, ತಾನು ಬೆಳೆಯುವುದಿಲ್ಲ. ಡಿರೈವೇಟಿವ್ ಕೇಳುವುದು ಬೆಳೆಯುವ ವೇಗವನ್ನು ಮಾತ್ರ! ಸಾರು ಉಕ್ಕಿತೆಂದು ಬೈಸಿಕೊಂಡೆ, ಬೇಜಾರಾಗಲಿಲ್ಲ.

ಸೋಮವಾರ ಕ್ಲಾಸಿನಲ್ಲಿ ಹಾಜರಿಯನ್ನೂ ಕರೆಯದೆ ಆ ಹುಡುಗಿಯ ಕಡೆ ತಿರುಗಿದೆ. "ನೀನು ಕೇಳಿದ್ದು ಸರಿಯಾಗಿತ್ತು. ನಂಗೇ ಗೊತ್ತಿರ್ಲಿಲ್ಲ, ಅದಕ್ಕೇ ರೇಗಿದೆ. ತಪ್ಪು ನಂದು."

ಮಣೆಯ ಕಥೆ ಹೇಳಿದೆ. ಎಲ್ಲರೂ ನಕ್ಕರು. ಅವಳು ಮಾತ್ರ ನಗದೆ, ಪೆನ್ನು ಕಚ್ಚುತ್ತಾ ಕೂತಿದ್ದಳು. ಪೀರಿಯಡ್ ಮುಗಿಯುತ್ತಾ ಬಂತು, ನನ್ನ ಆಸೆಯೂ ಮುಗಿಯುತ್ತಾ ಬಂತು. ಆಗ ಕೈ ಮೇಲೆದ್ದಿತು.

"ಮಿಸ್, ಹಂಗಾದ್ರೆ ಬರೀ ಒನ್ ಬೈ ಎಕ್ಸ್ ಕೊಟ್ಬಿಟ್ರೆ, ಕೆಳಗೆ ಎಷ್ಟೆತ್ತರದ ಮಣೆ ಇತ್ತು ಅಂತ ಹೆಂಗ್ ಹೇಳೋದು?"

ಅದು ಡಿರೈವೇಟಿವ್‌ನಿಂದ ಹಿಂದಕ್ಕೆ ಹೋಗುವ ಇಂಟಿಗ್ರೇಷನ್ ಪಾಠದ ಪ್ರಶ್ನೆ, ನಾನಿನ್ನೂ ಶುರುವೇ ಮಾಡಿರಲಿಲ್ಲ. ಅಬ್ಬಾ, ಕೇಳಿದಳಲ್ಲ! ಕಣ್ಣು ತುಂಬಿಬಂತು. ಬೋರ್ಡು ಒರೆಸುವ ನೆಪದಲ್ಲಿ ಆ ಕಡೆ ತಿರುಗಿಕೊಂಡೆ.