ಗಬ್ಬೂರಿನ ಶರಣಪ್ಪನವರ ಅಮೆರಿಕದ ಇಂಜಿನ್ನು

ನನಗೊಂದು ಕೆಟ್ಟ ಚಟವಿದೆ. ಯಾರಾದರೂ ಹಳೆಯ ಕಾಲದ ಮಾತೆತ್ತಿದರೆ ಸಾಕು, ತಿದ್ದಲು ನಾಲಿಗೆ ತುರಿಸುತ್ತದೆ. ರಾಯಚೂರಿನ ಹೈಸ್ಕೂಲೊಂದರಲ್ಲಿ ಮೂವತ್ತು ವರ್ಷ ಇತಿಹಾಸ ಕಲಿಸಿದ್ದರ ಫಲ. ನಿವೃತ್ತಿಯಾದ ಮೇಲೆ ತಿದ್ದಲು ನೋಟ್‌ಬುಕ್ಕುಗಳಿಲ್ಲ. ಹಾಗಾಗಿ ಮನುಷ್ಯರನ್ನೇ ತಿದ್ದುತ್ತೇನೆ.

ಹೋದ ವರ್ಷ ಮಾನ್ವಿಯಲ್ಲಿ ಗೆಳೆಯರ ಮಗಳ ಮದುವೆ. ಊಟದ ಪಂಕ್ತಿಯಲ್ಲಿ ನನ್ನ ಪಕ್ಕ ಗಬ್ಬೂರಿನ ಶರಣಪ್ಪನವರು ಕೂತಿದ್ದರು. ಎಂಬತ್ತು ದಾಟಿದವರು. ಪ್ರಾಯದಲ್ಲಿ ಗೂಡ್ಸ್ ರೈಲಿನ ಫೈರ್‌ಮನ್ ಆಗಿ, ಹಬೆ ಇಂಜಿನ್ನಿನ ಒಲೆಗೆ ಕಲ್ಲಿದ್ದಲು ಎತ್ತಿ ಹಾಕಿದವರು. ಹೋಳಿಗೆ ಮುರಿಯುತ್ತ, "ನಾವು ಓಡ್ಸಿದ್ದು ಅಂತಿಂಥ ಇಂಜಿನ್ ಅಲ್ರೀ ಮಾಸ್ತರ. ಅಮೇರಿಕದ್ದು" ಎಂದರು.

ನಾನು ನಕ್ಕುಬಿಟ್ಟೆ. "ನಮ್ಮನ್ನ ಆಳಿದವ್ರು ಇಂಗ್ಲಿಷರು. ಅಮೇರಿಕದವ್ರು ಯಾಕ ಇಂಜಿನ್ ಕಳಸ್ತಾರ್ರೀ ಶರಣಪ್ಪನವರ?" ಎಂದೆ, ಇಡೀ ಪಂಕ್ತಿಗೆ ಕೇಳುವಂತೆ. ಪಂಕ್ತಿಯೂ ನಕ್ಕಿತು. ಶರಣಪ್ಪನವರು ಅರ್ಧ ಹೋಳಿಗೆಯನ್ನು ಎಲೆಯಲ್ಲೇ ಬಿಟ್ಟು ಎದ್ದರು.

ಮನೆಗೆ ಬಂದ ಮೇಲೂ ಆ ಅರ್ಧ ಹೋಳಿಗೆ ಕಣ್ಣ ಮುಂದೆಯೇ ಇತ್ತು. ಮನುಷ್ಯ ಸುಳ್ಳು ಹೇಳುವುದಾದರೆ ಹುಲಿ ಹೊಡೆದೆ ಎನ್ನುತ್ತಾನೆ, ಇಂಜಿನ್ನಿನ ಊರನ್ನು ಯಾಕೆ ಬದಲಿಸುತ್ತಾನೆ? ಕುತೂಹಲ ತಡೆಯದೆ ರೈಲಿನ ಪುಸ್ತಕಗಳನ್ನು ಹುಡುಕಿ ಹುಡುಕಿ ಓದಿದೆ.

ಓದುತ್ತ ಹೋದಂತೆ ಬೆವರಿದೆ. ಎರಡನೆಯ ಮಹಾಯುದ್ಧದಲ್ಲಿ ಇಂಗ್ಲೆಂಡಿನ ಕಾರ್ಖಾನೆಗಳಿಗೆ ಯುದ್ಧಸಾಮಗ್ರಿ ಮಾಡುವುದೇ ಕೆಲಸವಾಗಿತ್ತು. ಇತ್ತ ಹಿಂದುಸ್ತಾನದ ಹಳಿಗಳ ಮೇಲೆ ಸರಕು ಗುಡ್ಡವಾಗಿ ಬಿದ್ದಿತ್ತು. ಆಗ ಅಮೆರಿಕ ಮತ್ತು ಕೆನಡಾದಿಂದ ಗೂಡ್ಸ್ ಇಂಜಿನ್ನುಗಳು ಹಡಗು ಹತ್ತಿ ಬಂದವು. ಅಮೆರಿಕದವಕ್ಕೆ ಎ.ಡಬ್ಲ್ಯೂ.ಡಿ. ಎಂದು ಹೆಸರು, ಎ ಎಂದರೆ ಅಮೆರಿಕವೇ! ಮುಂದೆ ಎರಡು ಪುಟ್ಟ ಗಾಲಿ, ನಡುವೆ ಎಂಟು ದೊಡ್ಡ ಗಾಲಿ, ಹಿಂದೆ ಮತ್ತೆರಡು. ಇಂಗ್ಲಿಷ್ ಇಂಜಿನ್ನು ಕೊಳವೆಗಳನ್ನೆಲ್ಲ ಕೋಟಿನೊಳಗೆ ಮುಚ್ಚಿಟ್ಟುಕೊಂಡ ಸಾಹೇಬನಾದರೆ, ಇದು ಅಂಗಿಯ ತೋಳು ಮಡಚಿ ಕೆಲಸಕ್ಕಿಳಿದ ಆಳು. ಯುದ್ಧಕ್ಕೆಂದು ಬಂದದ್ದು ಯುದ್ಧ ಮುಗಿದರೂ ಮರಳಿ ಹೋಗಲಿಲ್ಲ. ದಶಕಗಟ್ಟಲೆ ಇಲ್ಲೇ ದುಡಿದು, ಇಲ್ಲೇ ಗುಜರಿಗೆ ಬಿದ್ದಿತು. ನಾನು ಕಲಿಸಿದ ಇತಿಹಾಸದಲ್ಲಿ ಯುದ್ಧವಿತ್ತು, ವೈಸ್‌ರಾಯ್ ಇದ್ದ, ಇಂಜಿನ್ನಿರಲಿಲ್ಲ.

ಓದಿ ಮುಗಿಸಿದ ಮರುದಿನವೇ ಗಬ್ಬೂರಿನ ಬಸ್ಸು ಹತ್ತಿದೆ. ಬಾಗಿಲು ತೆರೆದವರು ಶರಣಪ್ಪನವರ ಹೆಂಡತಿ ಈರಮ್ಮ. ಮದುವೆಯಲ್ಲಿ ನನ್ನನ್ನು ಕಂಡಿದ್ದ ಅವರು ಗುರುತು ಹಿಡಿದು, "ಆ ಮದಿವಿಯಿಂದ ಬಂದ ಮ್ಯಾಲ ಇವ್ರು ಇಂಜಿನ್ನಿನ ಸುದ್ದಿನ ತಗದಿಲ್ರೀ. ಮೊದ್ಲು ದಿನಾ ಕೇಳಿ ನನಗ ಬ್ಯಾಸರಾಗ್ತಿತ್ತು. ಈಗ ಮನಿ ಬಿಕೋ ಅನ್ನಾಕತ್ತದ" ಎಂದರು.

ನಾನು ಒಳಗೆ ಹೋಗಿ, "ತಪ್ಪಾತ್ರೀ, ಶರಣಪ್ಪನವರ. ನೀವು ಹೇಳಿದ್ದು ಖರೇ" ಎಂದೆ. ಓದಿದ್ದನ್ನೆಲ್ಲ ಒಪ್ಪಿಸಿದೆ. ಅವರು ಕಣ್ಣು ಮುಚ್ಚಿ ಕೇಳಿಸಿಕೊಂಡರು.

"ಪುಸ್ತಕದಾಗ ಸೀಟಿನ ಸುದ್ದಿ ಅದ ಏನ್ರೀ?"

"ಇಲ್ರೀ."

"ಎತ್ತರದ ಮಂದಿಗೆ ಮಾಡಿದ್ದದು. ಕುಂತ್ರ ನನ್ನ ಕಾಲು ನೆಲಕ್ಕ ಹತ್ತಿದ್ದಿಲ್ಲ. ಕಾಲ ಕೆಳಗ ಒಂದು ಹಲಗಿ ಇಟ್ಕೊಂಡು ಕುಂಡ್ರತಿದ್ದೆ. ಅವತ್ತ ಗೊತ್ತಾತು, ಇದು ನಮ್ಮ ಅಳತಿದಲ್ಲ ಅಂತ."

ಮೂರು ಪುಸ್ತಕ ಓದಿದರೂ ಸಿಗದ ಪುರಾವೆ ಅದು. ಅವರು ಕಣ್ಣು ತೆರೆದು, "ನಕ್ಕಿದ್ದು ನಾಕು ಮಂದ್ಯಾಗ, ಮಾಸ್ತರ" ಎಂದರು. ನನಗೆ ಅರ್ಥವಾಯಿತು. ಇಬ್ಬರೂ ಬಸ್‌ಸ್ಟ್ಯಾಂಡಿನ ಚಹಾದಂಗಡಿಗೆ ನಡೆದೆವು. ಪಂಕ್ತಿಯಲ್ಲಿ ನಕ್ಕಿದ್ದವರಲ್ಲಿ ಅದೇ ಊರಿನ ಇಬ್ಬರು ಅಲ್ಲೇ ಇದ್ದರು. ನಾನು ಅವರೆದುರು ನಿಂತು, ತರಗತಿಯ ದನಿಯಲ್ಲೇ, ತಪ್ಪು ನನ್ನದೆಂದೂ ಇಂಜಿನ್ನು ಅಮೆರಿಕದ್ದೇ ಎಂದೂ ಹೇಳಿದೆ.

"ಹಂಗಾರ ಹೇಳ್ರೀ ಯಪ್ಪಾ, ಹೆಂಗ ಓಡ್ತಿತ್ತು?" ಎಂದು ಅವರಲ್ಲೊಬ್ಬರು ಶರಣಪ್ಪನವರತ್ತ ತಿರುಗಿದರು.

ಮುದುಕರ ಬೆನ್ನು ನೆಟ್ಟಗಾಯಿತು. "ಕೃಷ್ಣಾ ಹೊಳಿ ಬ್ರಿಜ್ ಮ್ಯಾಲ ಒಮ್ಮಿ ನನ್ನ ರುಮಾಲು ಹಾರಿ ಹೋತು. ರಾಯಚೂರಾಗ ಇಳದು ನೋಡಿದ್ರ, ರುಮಾಲು ಇನ್ನೂ ಹಿಂದಿನಿಂದ ಬರಾಕತ್ತಿತ್ತು!"

ಎಲ್ಲರೂ ನನ್ನ ಮುಖ ನೋಡಿದರು. ನಾಲಿಗೆ ತುದಿಗೆ ಬಂದದ್ದನ್ನು ಚಹಾದ ಜೊತೆ ನುಂಗಿ, ಗಂಭೀರವಾಗಿ ತಲೆಯಾಡಿಸಿದೆ. ನಿಜಕ್ಕೆ ನಕ್ಕವನಿಗೆ ಕಥೆಯನ್ನು ತಿದ್ದುವ ಹಕ್ಕು ಎಲ್ಲಿರುತ್ತದೆ?