ಹೆಬ್ಬೆಟ್ಟಿನ ಖರ್ಚು

ಕಾರು ಚೆನ್ನಾಗಿಯೇ ಇತ್ತು. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಹಳೇ ಕಾರಿನ ವ್ಯಾಪಾರದಲ್ಲಿ ಕೆಟ್ಟೆ ಎಂದ ಕೂಡಲೇ ಎಲ್ಲರೂ ಎಂಜಿನ್ ಬಗ್ಗೆಯೇ ಕೇಳುತ್ತಾರೆ. ಕೆನೆ ಬಣ್ಣದ ಪದ್ಮಿನಿ, ಹನ್ನೊಂದು ವರ್ಷ ಹಳೆಯದು, ಒಬ್ಬರೇ ಓಡಿಸಿದ್ದು, ಸೀಟಿನ ಹೊಲಿಗೆ ಕೂಡ ಬಿಟ್ಟಿರಲಿಲ್ಲ. ನಾನು ಆರು ವರ್ಷ ಓಡಿಸಿದೆ. ಒಂದು ದಿನವೂ ನಡುದಾರಿಯಲ್ಲಿ ನಿಲ್ಲಲಿಲ್ಲ.

ತೊಂಬತ್ತರ ದಶಕದ ನಡುವೆ ಬ್ಯಾಂಕಿನವರು ನನ್ನನ್ನು ಮೈಸೂರಿನಿಂದ ಎತ್ತಿ ಅಹಮದಾಬಾದಿಗೆ ಹಾಕಿದರು. ಮೂವತ್ನಾಲ್ಕು ವರ್ಷ, ಮದುವೆಯಾಗಿರಲಿಲ್ಲ, ಎಲ್ಲಿಗೆ ಬೇಕಾದರೂ ಹಾಕಬಹುದಾದ ಹೆಂಗಸು. ಮನೆ ಮಣಿನಗರದಲ್ಲಿ, ಶಾಖೆ ವಟ್ವಾದಲ್ಲಿ. ಬಣ್ಣದ ಕಾರ್ಖಾನೆಗಳ ನಡುವೆ ಕೂತು ಸಂಜೆ ಕ್ಯಾಶ್ ಮುಗಿಸಿ ಹೊರಗೆ ಬಿದ್ದರೆ ಗಂಟಲು ಉರಿಯುತ್ತಿತ್ತು, ಬಸ್ಸು ಹೋಗಿಯಾಗಿರುತ್ತಿತ್ತು, ರಿಕ್ಷಾದವನು ನನ್ನ ಗುಜರಾತಿ ಕೇಳಿದ ಕೂಡಲೇ ಬಾಡಿಗೆ ಏರಿಸುತ್ತಿದ್ದ. ನನಗೆ ಕಾರು ಬೇಕಿತ್ತು. ನಾನೇ ಓಡಿಸುವ, ನನ್ನದೇ ಹೆಸರಿನ ಕಾರು.

ಮಣಿನಗರದ ರೈಲ್ವೆ ಸ್ಟೇಷನ್ ಹಿಂದೆ ಗ್ಯಾರೇಜೊಂದರ ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಿದ್ದ ದಲ್ಲಾಳಿಯೊಬ್ಬ ಡಿಸೆಂಬರಿನಲ್ಲಿ ಈ ಗಾಡಿ ತೋರಿಸಿದ. ನಯವಾದ ಮನುಷ್ಯ, ಮಾತಿಗೊಂದು 'ಬೆನ್' ಸೇರಿಸುತ್ತಿದ್ದ, ನಾವು ಅಕ್ಕ ಅನ್ನುವ ಹಾಗೆ. ಕಾರು ವಡೋದರಾದ್ದು, ಮಾಲೀಕರು ರಿಟೈರಾದ ಡ್ರಾಯಿಂಗ್ ಮೇಷ್ಟ್ರು, ಕಣ್ಣು ಮಂಜಾಗಿ ಓಡಿಸುವುದು ಬಿಟ್ಟಿದ್ದಾರೆ, ಜೊತೆಯಲ್ಲಿರುವ ಮಗ ಮಾರುತ್ತಿದ್ದಾನೆ ಎಂದ. ಬೆಲೆ ನಾನು ಅಂದುಕೊಂಡಿದ್ದಕ್ಕಿಂತ ಕಡಿಮೆ ಇತ್ತು. ಒಪ್ಪಿದೆ.

ಆಮೇಲೆ ಶುರುವಾಯಿತು. ಕಮಿಷನ್ ಬೇರೆ. ವಡೋದರಾ ಆರ್‌ಟಿಓ ಆಫೀಸಿನಿಂದ ಎನ್‌ಓಸಿ ತರುವ ಖರ್ಚು ಬೇರೆ. ಅಹಮದಾಬಾದಿನ ಆಫೀಸಿನಲ್ಲಿ ಹೆಸರು ಬದಲಾಯಿಸುವ ಖರ್ಚು, ಅಲ್ಲಿಯವರ ಚಾಯ್‌ಪಾನಿ, ಯಾವ ಕಾಲದಲ್ಲೋ ತೀರಿಸಿದ ಸಾಲವನ್ನು ಆರ್‌ಸಿ ಪುಸ್ತಕದಿಂದ ಹೊಡೆಸುವ ಖರ್ಚು. ಸ್ಟೆಪ್ನಿ ಕೂಡ ಬೇರೆಯಂತೆ. "ನಾಲ್ಕು ಚಕ್ರದ ಬೆಲೆ ಹೇಳಿದ್ದೆ ಬೆನ್, ಐದನೆಯದ್ದಲ್ಲ" ಎಂದ, ನಗದೆ. ನಾನೂ ಬಿಡಲಿಲ್ಲ. ಗ್ರಾಹಕರ ಖಾತೆಯಿಂದ ಅವರಿಗೇ ಗೊತ್ತಾಗದ ಹಾಗೆ ಚಾರ್ಜು ಮುರಿಯುವ ಕೆಲಸ ಮಾಡುವವಳಿಗೆ ಇವನ ಚಾರ್ಜು ಯಾವ ಲೆಕ್ಕ? ಒಂದೊಂದನ್ನೂ ಹಿಡಿದು ಜಗ್ಗಾಡಿ ಅರ್ಧಕ್ಕೆ ಇಳಿಸಿದೆ. ಸ್ಟೆಪ್ನಿ ಪುಕ್ಕಟೆ ಮಾಡಿಸಿದೆ. ಇನ್ನೊಂದು ಷರತ್ತನ್ನೂ ಹಾಕಿದೆ. ದಲ್ಲಾಳಿಗಳು ಖಾಲಿ ಫಾರಂಗಳ ಮೇಲೆ ಮೊದಲೇ ಸಹಿ ಹಾಕಿಸಿ ಇಟ್ಟುಕೊಂಡಿರುತ್ತಾರೆ. ಅದು ನನಗೆ ಆಗದು, ಮಾಲೀಕರು ನನ್ನ ಕಣ್ಣೆದುರಿಗೇ ಸಹಿ ಹಾಕಬೇಕು ಎಂದೆ.

"ಹಾಗಾದ್ರೆ ಈ ಭಾನುವಾರವೇ ಬನ್ನಿ" ಎಂದ.

ಅವತ್ತು ಸಂಜೆ ಎಸ್‌ಟಿಡಿ ಬೂತಿನಿಂದ ಅಮ್ಮನಿಗೆ ಹೇಳಿದೆ. "ಧನುರ್ಮಾಸದಲ್ಲಿ ಯಾರಾದರೂ ಗಾಡಿ ತಗೋತಾರೇನೇ? ಸಂಕ್ರಾಂತಿ ಕಳೀಲಿ" ಎಂದಳು ಅಮ್ಮ. ನನಗೆ ಅದರಲ್ಲೆಲ್ಲ ದೊಡ್ಡ ನಂಬಿಕೆ ಇರಲಿಲ್ಲ. ಆದರೆ ಒಬ್ಬಳೇ ಓಡಿಸುವವಳು, ಬೇಡದ ಅನುಮಾನ ಯಾಕೆ ಎನ್ನಿಸಿತು. ಸಂಕ್ರಾಂತಿಯ ದಿನವೇ ಬರುತ್ತೇನೆಂದು ದಲ್ಲಾಳಿಗೆ ಹೇಳಿದೆ. ಅವರಲ್ಲೂ ಆ ತಿಂಗಳು ಶುಭಕೆಲಸ ಮಾಡುವುದಿಲ್ಲ, ಅವನು ಮರುಮಾತಾಡಲಿಲ್ಲ. ಆ ಭಾನುವಾರ ನಾನು ಮನೆಯಲ್ಲಿ ಬಟ್ಟೆ ಒಗೆದುಕೊಂಡಿದ್ದೆ. ಅವತ್ತು ಹೋಗಿದ್ದರೆ ಆ ಮೇಷ್ಟ್ರು ತಮ್ಮ ಕೈಯಾರೆ ಸಹಿ ಹಾಕಿ, ನನಗೆ ಚಹಾ ಕೊಟ್ಟು ಕಳಿಸುತ್ತಿದ್ದರು.

ಸಂಕ್ರಾಂತಿಯ ಬೆಳಿಗ್ಗೆ ಆರೂವರೆಗೆ ದಲ್ಲಾಳಿ ನನ್ನ ಮನೆ ಮಾಲೀಕರ ನಂಬರಿಗೆ ಫೋನ್ ಮಾಡಿದ. ಲಕ್ವ ಹೊಡೆದು ಮೇಷ್ಟ್ರ ಬಲಗೈ ಬಿದ್ದುಹೋಗಿದೆ, ಸಹಿ ಆಗುವುದಿಲ್ಲ, ಎಡಗೈ ಹೆಬ್ಬೆಟ್ಟು ಒತ್ತುತ್ತಾರೆ. ಹೆಬ್ಬೆಟ್ಟಾದರೆ ಅಧಿಕಾರಿಯೊಬ್ಬರು ಸಾಕ್ಷಿ ಹಾಕಬೇಕು. ಹಬ್ಬದ ದಿನ ಅಂಥವರನ್ನು ಕರೆತರಲು ಐನೂರು ರೂಪಾಯಿ ಖರ್ಚು ಬೀಳುತ್ತದೆ ಎಂದ. ಯಾವಾಗ ಬಿತ್ತು ಕೈ ಎಂದು ನಾನು ಕೇಳಲಿಲ್ಲ. ನನ್ನ ಕಿವಿಗೆ ಬಿದ್ದದ್ದು ಐನೂರು ಮಾತ್ರ.

"ನಾನೇ ಬ್ಯಾಂಕ್ ಆಫೀಸರು. ನಾನೇ ಹಾಕ್ತೀನಿ. ಐದು ಪೈಸೆ ಕೊಡಲ್ಲ" ಎಂದೆ.

ಅವನು ರಿಸೀವರಿಗೆ ಕೈ ಅಡ್ಡ ಇಟ್ಟ. ಪಕ್ಕದಲ್ಲಿ ಯಾರನ್ನೋ ಕೇಳಿದ ಹಾಗಿತ್ತು. "ಭಲೇ ಬೆನ್. ಬಹಳ ಒಳ್ಳೆಯದಾಯ್ತು" ಎಂದ.

ಗುಜರಾತಿನ ಸಂಕ್ರಾಂತಿ ನೋಡದವರಿಗೆ ಆ ಮಧ್ಯಾಹ್ನ ಹೇಗಿತ್ತೆಂದು ಹೇಳಬೇಕು. ಊರಿಗೆ ಊರೇ ತಾರಸಿ ಹತ್ತಿ ಗಾಳಿಪಟ ಹಾರಿಸುತ್ತಿರುತ್ತದೆ. ಕೂಗು, ಪೀಪಿ, ಧ್ವನಿವರ್ಧಕ, ಎಲ್ಲ ತಲೆಯ ಮೇಲೆ. ಕೆಳಗೆ ಬೀದಿಯಲ್ಲಿ ನಾಯಿಯೂ ಇರುವುದಿಲ್ಲ. ವಡೋದರಾದ ಆ ಹಳೇ ಬಡಾವಣೆಯಲ್ಲಿ ನಾನು ನಡೆದುಹೋಗುವಾಗ ಮೇಲಿನಿಂದ ಸಾವಿರ ಜನರ ಸದ್ದು ಕೇಳುತ್ತಿತ್ತು, ಎದುರಿಗೆ ಒಬ್ಬರೂ ಇರಲಿಲ್ಲ. ಹರಿದ ಪಟಗಳು ಸದ್ದಿಲ್ಲದೆ ಬಂದು ರಸ್ತೆಗೆ ಬೀಳುತ್ತಿದ್ದವು. ಆ ಒಂದು ಮನೆಯ ತಾರಸಿ ಮಾತ್ರ ಖಾಲಿ ಇತ್ತು.

ದಲ್ಲಾಳಿ ಬಾಗಿಲಲ್ಲೇ ನಿಂತಿದ್ದ. ಮಗ ನಲವತ್ತರ ಆಸುಪಾಸಿನವನು, ಗಡ್ಡ ಬೋಳಿಸಿರಲಿಲ್ಲ. ನೀರು ಬೇಕಾ ಎಂದು ಕೇಳಲಿಲ್ಲ. ಮನೆಗೆ ಬಂದವರಿಗೆ ನೀರು ಕೊಡದ ಗುಜರಾತಿಯನ್ನು ನಾನು ಅದೇ ಮೊದಲು ನೋಡಿದ್ದು. ಓಣಿಯ ಪ್ರತಿ ಮನೆಯಿಂದಲೂ ಹಬ್ಬದ ಅಡುಗೆಯ ಘಮ ಬರುತ್ತಿತ್ತು, ಈ ಮನೆಯಲ್ಲಿ ಒಲೆ ಹಚ್ಚಿದ ಗುರುತೇ ಇರಲಿಲ್ಲ. ಜಿಪುಣರು ಎಂದುಕೊಂಡೆ.

ಒಳಕೋಣೆಗೆ ಪರದೆ ಎಳೆದಿದ್ದರು. ಮಂಚದ ಮೇಲೆ ಮೇಷ್ಟ್ರು ಮಲಗಿದ್ದರು, ಕುತ್ತಿಗೆಯವರೆಗೆ ಕಂಬಳಿ. ಗದ್ದದ ಕೆಳಗಿನಿಂದ ನೆತ್ತಿಗೆ ಸುತ್ತಿ ಒಂದು ಬೂದು ಮಫ್ಲರ್ ಬಿಗಿಯಾಗಿ ಕಟ್ಟಿತ್ತು. ಚಳಿಗಾಲದಲ್ಲಿ ಮುದುಕರು ಕಟ್ಟಿಕೊಳ್ಳುತ್ತಾರೆ, ಸರಿ. ಆದರೆ ಮೇಲೆ ಫ್ಯಾನು ಜೋರಾಗಿ ತಿರುಗುತ್ತಿತ್ತು. ಚಳಿಯಾದವರಿಗೆ ಫ್ಯಾನ್ ಯಾಕೆ ಎಂಬ ಪ್ರಶ್ನೆ ನನ್ನ ತಲೆಯೊಳಗೆ ಬಂದು, ಕೂತು, ಎದ್ದುಹೋಯಿತು. ನಾನು ಹಿಂದಿಯಲ್ಲಿ ನಮಸ್ಕಾರ ಹೇಳಿ, ಮೈಸೂರಿನಿಂದ ಅಮ್ಮ ಕಳಿಸಿದ್ದ ಎಳ್ಳುಬೆಲ್ಲದ ಪೊಟ್ಟಣವನ್ನು ಅವರ ದಿಂಬಿನ ಪಕ್ಕ ಇಟ್ಟೆ. ಅವರು ಕಣ್ಣು ತೆರೆಯಲಿಲ್ಲ.

"ಮಾತ್ರೆ ಕೊಟ್ಟಿದೀವಿ, ಮಂಪರು" ಎಂದ ಮಗ.

ಫಾರಂಗಳು ಬಹಳ ಇದ್ದವು, ಒಂದೊಂದಕ್ಕೂ ಎರಡು ಮೂರು ಪ್ರತಿ. ದಲ್ಲಾಳಿ ಶಾಯಿಯ ಪ್ಯಾಡ್ ಹಿಡಿದ. ಮಗ ಕಂಬಳಿಯೊಳಗಿನಿಂದ ಎಡಗೈ ತೆಗೆದ. ಕಾಗದ ಜಾರುತ್ತಿತ್ತು, ಹಾಗಾಗಿ ನಾನು ಮುಂದೆ ಬಾಗಿ ಮಣಿಕಟ್ಟು ಹಿಡಿದುಕೊಂಡೆ.

ಇಲ್ಲಿ ನನ್ನ ಕೆಲಸದ ಒಂದು ವಿಷಯ ಹೇಳಬೇಕು. ಪ್ರತಿ ನವೆಂಬರಿನಲ್ಲಿ ಪಿಂಚಣಿದಾರರು ಬದುಕಿದ್ದಾರೆಂದು ಬರೆದುಕೊಡುವವಳು ನಾನು. ಎದ್ದು ಬರಲಾಗದವರ ಮನೆಗೇ ಹೋಗಿ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಿದ್ದೆ. ಎಷ್ಟೇ ಸೋತ ಕೈಯಾದರೂ ಶಾಯಿ ತಗುಲಿದ ಕೂಡಲೇ ಒಂದಿಷ್ಟು ಹಿಂದಕ್ಕೆ ಜಗ್ಗುತ್ತದೆ. ಬೇಡವೆಂದಲ್ಲ, ಕೈಯ ಸ್ವಭಾವ ಅದು. ಈ ಕೈ ಜಗ್ಗಲಿಲ್ಲ. ಎತ್ತಿದಲ್ಲಿಗೆ ಎದ್ದಿತು, ಒತ್ತಿದಲ್ಲಿ ಒತ್ತಿತು, ಬೆರಳುಗಳು ಬಿಡಿಸಿಕೊಳ್ಳಲಿಲ್ಲ. ತಣ್ಣಗಿತ್ತು. ಜನವರಿ ತಿಂಗಳು, ನನ್ನ ಕೈಯೂ ತಣ್ಣಗಿದೆ ಎಂದುಕೊಂಡೆ. ಹಾಗಂದುಕೊಂಡದ್ದು ನನಗೆ ಸ್ಪಷ್ಟವಾಗಿ ನೆನಪಿದೆ. ಏನೂ ಅನ್ನಿಸದಿದ್ದರೆ ಹಾಗಂದುಕೊಳ್ಳುವ ಅಗತ್ಯವೇ ಇರಲಿಲ್ಲ.

ಪ್ರತಿ ಗುರುತಿನ ಪಕ್ಕದಲ್ಲೂ ನಾನು ಸಹಿ ಹಾಕಿದೆ. ದಿನಕ್ಕೆ ಮುನ್ನೂರು ವೋಚರಿಗೆ ಸಹಿ ಹಾಕುವ ಕೈ. ಹೆಸರು, ಹುದ್ದೆ, ಶಾಖೆ, ಬ್ಯಾಂಕು ಕೊಟ್ಟ ಸಹಿಯ ನಂಬರು, ಎಲ್ಲ ತಾನಾಗಿ ಬಂತು. ಕೊನೆಯ ಹಾಳೆ ಗುಜರಾತಿಯಲ್ಲಿ ಟೈಪ್ ಮಾಡಿದ್ದು. ಬಸ್ಸಿನ ಬೋರ್ಡು ಓದುವಷ್ಟು ಗುಜರಾತಿ ನನಗೆ ಬರುತ್ತಿತ್ತು, ಅಷ್ಟೆ. ಕಾರಿನದೇ ಇನ್ನೊಂದು ಕಾಗದ ಎಂದುಕೊಂಡೆ. ಅದಕ್ಕೆ ದಲ್ಲಾಳಿಯೂ ಸಾಕ್ಷಿ ಹಾಕಿದ. ಮುಗಿದ ಮೇಲೆ ನನ್ನ ಕರವಸ್ತ್ರದಿಂದ ಮೇಷ್ಟ್ರ ಹೆಬ್ಬೆರಳಿನ ಶಾಯಿ ಒರೆಸಲು ಹೋದೆ.

"ರಹೇವಾ ದೋ ಬೆನ್" ಎಂದು ಮಗ ಕೈಯನ್ನು ಕಂಬಳಿಯೊಳಗೆ ಸೇರಿಸಿದ. ಇರಲಿ ಬಿಡಿ ಎಂದು.

ವಾಪಸ್ ಬರುವಾಗ ನಾನೇ ಓಡಿಸಿದೆ, ದಲ್ಲಾಳಿ ಪಕ್ಕದಲ್ಲಿ ಕೂತ. ಅಷ್ಟು ಮಾತಾಡುತ್ತಿದ್ದವನು ಕಿಟಕಿಯ ಕಡೆಗೇ ಮುಖ ತಿರುಗಿಸಿಕೊಂಡಿದ್ದ. ನಡಿಯಾದ್ ದಾಟುವಾಗ ಹೆದ್ದಾರಿ ಪಕ್ಕದ ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿ ಎಂದ. ಶರ್ಟು ಬಿಚ್ಚಿಟ್ಟು, ಅಲ್ಲಿನ ನಲ್ಲಿಯ ಕೆಳಗೆ ಕೂತು, ತಲೆಯ ಮೇಲೆ ಬಕೆಟ್ ಬಕೆಟ್ ನೀರು ಸುರಿದುಕೊಂಡ. ನಡುಗುತ್ತಾ ಬಂದು ಸೀಟಿನಲ್ಲಿ ಕೂತು "ಸೆಕೆ ಬೆನ್" ಎಂದ. ನಾನು ಗಾಡಿ ಸ್ಟಾರ್ಟ್ ಮಾಡಿದೆ. ಹುಟ್ಟಿದೂರು ಬೇರೆಯಾದರೂ, ಯಾವ ಮನೆಯಿಂದ ಬಂದವರು ಹಾಗೆ ತಲೆಗೆ ನೀರು ಹಾಕಿಕೊಳ್ಳುತ್ತಾರೆಂದು ನನಗೆ ಗೊತ್ತಿತ್ತು. ನಮ್ಮಜ್ಜ ಸತ್ತಾಗ ಅವರ ಗದ್ದವನ್ನೂ ಹಾಗೇ ನೆತ್ತಿಗೆ ಸುತ್ತಿ ಕಟ್ಟಿದ್ದರು. ಮಣಿನಗರ ತಲುಪಿದ ಮೇಲೆ ನಾನೂ ತಲೆಗೆ ಸ್ನಾನ ಮಾಡಿದೆ, ಯಾಕೆಂದು ನನ್ನನ್ನೇ ಕೇಳಿಕೊಳ್ಳದೆ.

ಆಮೇಲೆ ದಲ್ಲಾಳಿ ಒಂದು ರೂಪಾಯಿಯನ್ನೂ ಹೆಚ್ಚಿಗೆ ಕೇಳಲಿಲ್ಲ. ಎನ್‌ಓಸಿ ಬಂತು, ಹೆಸರು ಬದಲಾಯಿತು, ಬಾಕಿ ಉಳಿದ ಚಾಯ್‌ಪಾನಿಯನ್ನೂ ಅವನೇ ಕೊಟ್ಟುಕೊಂಡ. ಎದುರು ಸಿಕ್ಕರೆ ಅಂಗಡಿಯೊಳಗೆ ನುಸುಳುತ್ತಿದ್ದ. ನನಗೆ ಭಯವಾದದ್ದು ಅದಕ್ಕೇ. ಕೇಳುವವನು ಕೇಳದೆ ಹೋದರೆ ನಾನು ಬೇರೆಲ್ಲೋ ಕೊಟ್ಟಾಗಿದೆ ಎಂದಲ್ಲವೇ? ಬೆಳಿಗ್ಗೆ ಕಾರಿನ ಬಾಗಿಲು ತೆಗೆಯುವಾಗ ಒಮ್ಮೊಮ್ಮೆ ಪಕ್ಕದ ಸೀಟಿನ ಕಡೆ ನೋಡದೆಯೇ ಕೂರುತ್ತಿದ್ದೆ.

ಏಪ್ರಿಲ್‌ನಲ್ಲಿ ಅವಳು ಶಾಖೆಗೆ ಬಂದಳು. ನನಗಿಂತ ಆರೇಳು ವರ್ಷ ದೊಡ್ಡವಳಿರಬೇಕು, ವಾಯಿಲ್ ಸೀರೆ, ಕೈಯಲ್ಲಿ ಪ್ಲಾಸ್ಟಿಕ್ ಚೀಲ. ಸೂರತ್ತಿನಿಂದ ಬಂದಿದ್ದೇನೆ, ವಡೋದರಾದ ಡ್ರಾಯಿಂಗ್ ಮೇಷ್ಟ್ರ ಮಗಳು ಎಂದಳು. ಚೀಲದಿಂದ ಒಂದು ಜೆರಾಕ್ಸ್ ತೆಗೆದು ನನ್ನ ಮೇಜಿನ ಮೇಲಿಟ್ಟಳು. ಗುಜರಾತಿಯಲ್ಲಿ ಟೈಪ್ ಮಾಡಿದ ಹಾಳೆ. ಕೆಳಗೆ ಹೆಬ್ಬೆಟ್ಟು, ಅದರ ಪಕ್ಕ ನನ್ನ ಸಹಿ, ನಂಬರಿನ ಸಮೇತ. ಅದು ವಿಲ್ ಎಂದಳು. ಮನೆ ಪೂರ್ತಿ ಮಗನಿಗೆ.

ಹಿಂದಿಯಲ್ಲಿ ನಿಧಾನವಾಗಿ ಹೇಳಿದಳು. ಹಬ್ಬದ ಹಿಂದಿನ ಸಂಜೆ ಅಪ್ಪ ಫೋನಿನಲ್ಲಿ ಚೆನ್ನಾಗಿ ಮಾತಾಡಿದ್ದರು. ಅಣ್ಣ ಹೇಳುವುದು, ಹಬ್ಬದ ಬೆಳಿಗ್ಗೆ ಕೈ ಬಿತ್ತು, ಮಧ್ಯಾಹ್ನ ತಾವಾಗಿ ವಿಲ್ ಮಾಡಿದರು, ಮಾರನೆಯ ಬೆಳಗಿನ ಜಾವ ಹೋದರು. ಅವಳು ಬಂದು ನೋಡಿದಾಗ ಹೆಬ್ಬೆರಳಲ್ಲಿ ಶಾಯಿ ಹಾಗೇ ಇತ್ತು. ಸೆರಗಿನಿಂದ ಅವಳೇ ಒರೆಸಿದಳಂತೆ.

"ವಕೀಲರು ಹೇಳ್ತಾರೆ, ಆ ಬ್ಯಾಂಕ್ ಆಫೀಸರ್ ಒಂದು ಮಾತು ಹೇಳಿದ್ರೆ ಇದು ನಿಲ್ಲೋದಿಲ್ಲ ಅಂತ. ನಾನು ಅದಕ್ಕೇ ಬಂದೆ ಅಂದ್ಕೋಬೇಡಿ. ಆ ದಲ್ಲಾಳಿ ಅಣ್ಣನ ಕಡೆಯವನು, ಅಪ್ಪನ್ನ ಕೊನೇಲಿ ನೋಡಿದ ಹೊರಗಿನವರು ನೀವೊಬ್ಬರೇ. ಅಪ್ಪನಿಗೆ ಎಚ್ಚರ ಇತ್ತಾ? ಏನಾದ್ರೂ ಮಾತಾಡಿದ್ರಾ?"

ನಾನು ಆ ಗುರುತನ್ನು ನೋಡುತ್ತಿದ್ದೆ. ಸುಳ್ಳು ಸಾಕ್ಷಿ ಹಾಕಿದ ಆಫೀಸರಿಗೆ ಏನಾಗುತ್ತದೆಂದು ಗೊತ್ತಿತ್ತು. ವಿಚಾರಣೆ, ಸಸ್ಪೆನ್ಷನ್, ಕೋರ್ಟು, ಮೈಸೂರಿನಲ್ಲಿ ಅಮ್ಮ. ಅವಳ ಮುಖದಲ್ಲಿ ಮನೆಯ ಆಸೆಗಿಂತ ದೊಡ್ಡದಾಗಿ ಇನ್ನೊಂದು ಆಸೆ ಇತ್ತು. ಅದನ್ನು ಕೊಡುವುದು ನನಗೆ ಸುಲಭವಾಗಿತ್ತು, ಲಾಭದ್ದೂ ಆಗಿತ್ತು.

"ಎಚ್ಚರ ಇತ್ತು. ಸೂರತ್ತಿನ ಮಗಳು ಬರ್ತಾಳೆ, ಬರ್ತಾಳೆ ಅಂತಿದ್ರು" ಎಂದೆ.

ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತಳು. ಕೌಂಟರಿನವರೆಲ್ಲ ತಿರುಗಿ ನೋಡಿದರು. ಆಮೇಲೆ ಜೆರಾಕ್ಸನ್ನು ನಾಲ್ಕು ಮಡಿಕೆ ಮಾಡಿ ಚೀಲಕ್ಕೆ ಹಾಕಿಕೊಂಡಳು. "ಹಾಗಾದ್ರೆ ಅಪ್ಪನೇ ಒಪ್ಪಿ ಕೊಟ್ಟಿದ್ದು. ಇನ್ನು ನಾನು ಜಗಳ ಆಡಲ್ಲ" ಎಂದಳು.

ಅವಳನ್ನು ಮಣಿನಗರ ಸ್ಟೇಷನ್ನಿಗೆ ನಾನೇ ಬಿಟ್ಟೆ, ಅವಳ ಅಪ್ಪನ ಕಾರಿನಲ್ಲಿ. ಸೂರತ್ತಿನ ರೈಲು ಮುಕ್ಕಾಲು ಗಂಟೆ ತಡ ಇತ್ತು. ಬೆಂಚಿನ ಮೇಲೆ ಕೂತೆವು, ಚಹಾ ತಂದುಕೊಟ್ಟೆ. ಗಂಡ ಕೆಲಸ ಮಾಡುತ್ತಿದ್ದ ಸೀರೆ ಮಿಲ್ಲು ಮುಚ್ಚಿದೆ, ಬಾಡಿಗೆ ಏರುತ್ತಿದೆ, ಅಪ್ಪನ ಮನೆಯ ಮೇಲಿನ ಎರಡು ಕೋಣೆಗೆ ಬಂದು ಇದ್ದುಬಿಡೋಣ ಅಂದುಕೊಂಡಿದ್ದೆವು ಎಂದಳು. ದೂರುವ ದನಿ ಇರಲಿಲ್ಲ, ಮುಗಿದ ಮಾತು ಹೇಳುವ ದನಿ. ಮಕ್ಕಳ ಪರೀಕ್ಷೆಯ ಬಗ್ಗೆ ನಾನು ಕೇಳಿದೆ. ನಾನು ಹೇಳಬೇಕಾಗಿದ್ದುದು ಒಂದೇ ವಾಕ್ಯ. ಅದಕ್ಕೆ ಮುಕ್ಕಾಲು ಗಂಟೆ ಬೇಡ.

ರೈಲು ಬಂತು. ಹತ್ತುವ ಮೊದಲು ಅವಳು, ವಯಸ್ಸಿನಲ್ಲಿ ನನಗಿಂತ ಹಿರಿಯಳು, ಅಪ್ಪನ ಕೊನೆಯ ಮಾತು ತಲುಪಿಸಿದವಳೆಂದು ಬಗ್ಗಿ ನನ್ನ ಕಾಲು ಮುಟ್ಟಿದಳು. ನಾನು ಕಾಲು ಹಿಂದಕ್ಕೆ ಎಳೆದುಕೊಳ್ಳಲಿಲ್ಲ.